ಆರ್ಡಿಸ್ ಮನೆ ನಾಯಿಗಳು ನಿಲ್ಲುವ ಸಂಜೆ

ಆರ್ಡಿಸ್ ಕ್ವಾಲೆಯ ಅಡುಗೆಮನೆಯೊಳಗೆ ನಾಲ್ಕು ಹೆಜ್ಜೆ ಇಟ್ಟ ಮೇಲೆ ವರ್ಲಿನ್ ಹೌಗನಿಗೆ ತಾನು ಮಾಡಿದ ಅನಾಹುತ ತಿಳಿಯಿತು. ನೆಲ ಇನ್ನೂ ಒದ್ದೆಯಾಗಿತ್ತು, ಸಾಬೂನಿನ ವಾಸನೆ ಹೊಡೆಯುತ್ತಿತ್ತು. ಬಾಗಿಲಿನಿಂದ ಅವನು ನಿಂತಲ್ಲಿಯವರೆಗೆ ಅಕ್ಟೋಬರ್ ತಿಂಗಳ ಕಪ್ಪು ಕೆಸರಿನಲ್ಲಿ ಎರಡು ಬಲಗಾಲು, ಎರಡು ಎಡಗಾಲು ಅಚ್ಚೊತ್ತಿದ ಹಾಗೆ ಮೂಡಿದ್ದವು. ದಕ್ಷಿಣ ಡಕೋಟಾದ ನಮ್ಮ ಸೀಮೆಯಲ್ಲಿ ಬೂಟು ಬಾಗಿಲಲ್ಲಿ ಕಳಚಬೇಕೆನ್ನುವುದು ತೊಟ್ಟಿಲ ಕೂಸಿಗೂ ಗೊತ್ತು. ನಲವತ್ತನಾಲ್ಕು ವರ್ಷದ, ಜಿಲ್ಲೆಯ ರಸ್ತೆಗಳನ್ನೆಲ್ಲ ಗ್ರೇಡರ್ ಓಡಿಸಿ ಸಮ ಮಾಡುವ ವರ್ಲಿನ್ನನಿಗೆ ಮಾತ್ರ ಅದು ಆ ಗಳಿಗೆಯಲ್ಲಿ ಮರೆತುಹೋಗಿತ್ತು.

ಗಾಬರಿಯಲ್ಲಿ ಅವನು ನಿಂತಲ್ಲೇ ಒಂಟಿಕಾಲಲ್ಲಿ ಕುಪ್ಪಳಿಸುತ್ತ ಬೂಟು ಕೀಳಲು ಹೋದ. ಒದ್ದೆ ನೆಲ ತನ್ನ ಕೆಲಸ ಮಾಡಿತು. ಅವನು ಜಾರಿ, ಮೇಜಿನ ಅಂಚು ಹಿಡಿದು, ಮೇಜಿನ ಸಮೇತ ಒಂದು ಗಜ ಸರಿದು, ಕೊನೆಗೆ ಕೂತುಬಿಟ್ಟ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕಿ, ಏನು ಗಲಾಟೆ ಎಂದು ಕೇಳುವ ಹಾಗಿತ್ತು. ಬಾಗಿಲಲ್ಲಿ ಬೂಟು ಕಳಚಿ ಮರ್ಯಾದೆಯಿಂದ ನಿಂತಿದ್ದ ಹೆಂಡತಿ ಜೋಲೀನ್ ಕಣ್ಣು ಮುಚ್ಚಿಕೊಂಡಳು. ಆರು ವರ್ಷದ ಮಗಳು ಟಿಲ್ಡಾ ಜೋರಾಗಿ ನಕ್ಕಳು.

ಆರ್ಡಿಸ್ ನಗಲಿಲ್ಲ, ಬೈಯಲೂ ಇಲ್ಲ. ಎಪ್ಪತ್ತೊಂದರ ಹೆಂಗಸು, ಕಡ್ಡಿಯಂಥ ಮೈ. ಮೂಲೆಯಲ್ಲಿದ್ದ ಒರೆಸುಕೋಲು ತೆಗೆದುಕೊಂಡಳು.

"ಬಸ್ಸಿಗೂ ಹಿಂಗೇ ಹತ್ತುತಿದ್ದೆ ನೀನು," ಎಂದಳು.

ಇಪ್ಪತ್ತಾರು ವರ್ಷ ಅವಳು ಶಾಲೆಯ ಬಸ್ಸು ಓಡಿಸಿದವಳು. ಜಿಲ್ಲೆಯಲ್ಲಿ ಇವತ್ತು ಹೊಟ್ಟೆ ಬಂದು ತಲೆ ಬೋಳಾದ ಗಂಡಸರೆಲ್ಲ ಒಂದು ಕಾಲಕ್ಕೆ ಅವಳ ಕನ್ನಡಿಯಲ್ಲಿ ಕಂಡು ಬೈಸಿಕೊಂಡವರೇ. ಯಾರು ಯಾವ ಸೀಟಿನಲ್ಲಿ ವಾಂತಿ ಮಾಡಿದ್ದರೆನ್ನುವುದು ಅವಳಿಗೆ ಬಾಯಿಪಾಠ. ವರ್ಲಿನ್ ಏಳನೇ ಸೀಟು.

ಬರೀ ಕಾಲುಚೀಲದಲ್ಲಿ ನಿಲ್ಲುವುದು ತಣ್ಣಗಿತ್ತು. ಬಾಗಿಲ ಪಕ್ಕ ಗಂಡಸರ ಒಂದು ಜೊತೆ ಉಣ್ಣೆ ಚಪ್ಪಲಿ ಕಂಡು ಅವನು ಕಾಲು ತೂರಿಸಲು ಹೋದ.

"ಅದು ಬೇಡ," ಎಂದಳು ಆರ್ಡಿಸ್, ಒರೆಸುತ್ತಲೇ. "ಅದರ ಯಜಮಾನ ಇದಾನೆ."

ವರ್ಲಿನ್ ಕಾಲು ಹಿಂದಕ್ಕೆ ತೆಗೆದುಕೊಂಡ. ಅದರ ಯಜಮಾನ, ಆರ್ಡಿಸ್‌ಳ ಗಂಡ ಓರಿನ್ ಕ್ವಾಲೆ, ಮೂವತ್ತೊಂದು ವರ್ಷದಿಂದ ಮನೆಗೆ ಬಂದಿರಲಿಲ್ಲ.

ವರ್ಲಿನ್ ಅಲ್ಲಿಗೆ ಬಂದದ್ದು ನಾಯಿಗಾಗಿ. ಎರಡು ವರ್ಷದ ಹಿಂದೆ ಅವನ ಹತ್ತಿರ ಬ್ಯಾರನ್ ಎಂಬ ಪಾಯಿಂಟರ್ ಜಾತಿಯ ಬೇಟೆನಾಯಿ ಇತ್ತು. ಕುದುರೆಯ ಹಾಗೆ ಓಡುವ, ಬೇಟೆ ಪಂದ್ಯ ಗೆಲ್ಲುವುದಕ್ಕೇ ಹುಟ್ಟಿದ ನಾಯಿ. "ಇದು ಮನೆಯೊಳಗೆ ಇರೋ ಪ್ರಾಣಿ ಅಲ್ಲ, ಇದರ ಕಣ್ಣು ನೋಡು," ಎಂದು ಜೋಲೀನ್ ಮೊದಲ ದಿನವೇ ಹೇಳಿದ್ದಳು. ವರ್ಲಿನ್ ನಕ್ಕಿದ್ದ. ಒಂದು ಬೆಳಗ್ಗೆ ಟಿಲ್ಡಾ ಅದರ ತಟ್ಟೆಯ ಪಕ್ಕ ಬಿದ್ದ ತನ್ನ ಗೊಂಬೆ ಎತ್ತಿಕೊಳ್ಳಲು ಬಗ್ಗಿದಾಗ ಅದು ಅವಳ ಕೆನ್ನೆಗೆ ಬಾಯಿ ಹಾಕಿತು. ಗಾಯ ಅಕ್ಕಿಕಾಳಿನಷ್ಟು. ಆದರೆ ಅಂದಿನಿಂದ ಹುಡುಗಿ ನಾಯಿ ಇರುವ ಬೀದಿಯಲ್ಲಿ ನಡೆಯುತ್ತಿರಲಿಲ್ಲ, ಸುತ್ತು ಹಾಕಿ ಶಾಲೆಗೆ ಹೋಗುತ್ತಿದ್ದಳು. ಅಂಗಳಕ್ಕೆ ಬರುವ ಮೊದಲು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಬ್ಯಾರನ್ ನೆಬ್ರಾಸ್ಕಾದ ಯಾರೋ ಬೇಟೆಗಾರನ ಪಾಲಾಯಿತು. ವರ್ಲಿನ್ ಎರಡು ಹಂಗಾಮು ಬಂದೂಕು ಮುಟ್ಟಲಿಲ್ಲ. ಗ್ರೇಡರ್ ಮೇಲೆ ಕೂತು, ಬೇಟೆಯ ಕಾಡುಕೋಳಿಗಳಾದ ಫೆಸೆಂಟ್ ಹುಂಜಗಳು ಬಾಲ ನೀವಿಕೊಂಡು ರಸ್ತೆ ದಾಟುವುದನ್ನು ನೋಡುತ್ತಿದ್ದ. ಅವು ಅವನನ್ನು ನೋಡಿ ನಿಧಾನ ಮಾಡುತ್ತಿದ್ದವೆಂದು ಅವನಿಗೆ ಅನುಮಾನ.

ಮತ್ತೆ ನಾಯಿ ತರುವ ಮಾತೆತ್ತಿದಾಗ ಜೋಲೀನ್ ಹೇಳಿದ್ದು ಇಷ್ಟು: "ಒಂದೇ ಒಂದು ಸಲ. ಅವಳು ಹೆದರಿ ಅತ್ತಳು ಅಂದ್ರೆ ಅಲ್ಲಿಗೆ ಮುಗೀತು. ಈ ಮನೇಲಿ ನಾಯಿ ಅನ್ನೋ ಮಾತು ಎತ್ಬೇಡ."

ಮಾತು ನ್ಯಾಯವಾಗಿತ್ತು, ಆದ್ದರಿಂದ ವರ್ಲಿನ್ನನಿಗೆ ಹೆಚ್ಚು ನೋವಾಯಿತು. ಅವನು ಲೈಬ್ರರಿಯಿಂದ ಪುಸ್ತಕ ತಂದ. ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದ, ಎಡಕ್ಕೆ ತಳಿಗಳ ಹೆಸರು, ಬಲಕ್ಕೆ ಗುಣಾವಗುಣ. ಊರಿನ ಕಾಫಿ ಅಂಗಡಿಯಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅವನ ಎರಡನೇ ತಪ್ಪು.

"ಲ್ಯಾಬ್ ತಗಳಯ್ಯ," ಎಂದ ಹಾರ್ಲನ್ ಬಾಕ್. ಅವನು ವರ್ಲಿನ್ನನ ಹಳೆಯ ಬೇಟೆ ಜೊತೆಗಾರ, ಯಾವ ವಿಷಯಕ್ಕಾದರೂ ಅವನ ಹತ್ತಿರ ಒಂದು ತೀರ್ಪು ಸಿದ್ಧ. "ಮಗು ಬೆನ್ ಮೇಲೆ ಕೂತ್ರೂ ತುಟಿ ಪಿಟಕ್ ಅನ್ನಲ್ಲ."

"ಅದು ವಾಸನೆ ಸಿಕ್ಕಿದ್ರೂ ಹಕ್ಕಿ ಮುಂದೆ ನಿಂತು ತೋರಿಸಲ್ಲ, ಹಾರ್ಲನ್. ನೇರ ಮೇಲೆ ಎಗರತ್ತೆ."

"ಎಗರ್ಲಿ ಬಿಡು. ನಿಂತ್ರೂ ನೀನೇನ್ ಹೊಡೆಯೋನಾ? ನೀನು ಬಂದೂಕು ಎತ್ತೋ ಹೊತ್ತಿಗೆ ಹಕ್ಕಿ ಮಿನೆಸೋಟಾ ಸೇರಿರತ್ತೆ."

"ಸೆಟರ್?"

"ಅದರ ಕೂದಲು ಬಾಚೋಕೆ ಒಂದು ಆಳಿಡ್ಬೇಕು. ಜರ್ಮನ್ ಮೀಸೆ ನಾಯಿ ತಂದೆ ಅಂದ್ರೆ ನಿಮ್ಮನೆ ಬೆಕ್ಕಿಗೆ ಈಗಲೇ ಗುಂಡಿ ತೋಡಿಡು. ನಿಂಗೆ ಬೇಕಾಗಿರೋದು ಬ್ರಿಟನಿ. ಮೈ ಸಣ್ಣದು, ಹೊರಗೆ ಹುಚ್ಚು, ಒಳಗೆ ದಿಂಬು." ಹಾರ್ಲನ್ ಕಾಫಿ ಲೋಟ ಕೆಳಗಿಟ್ಟು, ಮಾತು ತಗ್ಗಿಸಿದ. "ಬ್ರಿಟನಿ ಅಂದ್ರೆ ಆರ್ಡಿಸ್ ಹತ್ರ. ಆದ್ರೆ ಹೋಗೋದು ಬಿಡೋದು ನಿನ್ನಿಷ್ಟಪ್ಪ. ನಾನಂತೂ ಆವತ್ತಿನ ಸಂಜೆ ಆ ಅಂಗಳಕ್ಕೆ ಕಾಲಿಡಲ್ಲ."

ಆವತ್ತಿನ ಸಂಜೆ ಎಂದರೆ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ.

ಮೂವತ್ತೊಂದು ವರ್ಷದ ಹಿಂದೆ, ಫೆಸೆಂಟ್ ಬೇಟೆ ಶುರುವಾದ ಶನಿವಾರ, ಹೊತ್ತು ಮುಳುಗುವಾಗ, ಓರಿನ್ ಗಾಯಗೊಂಡ ಒಂದು ಹುಂಜವನ್ನು ಹುಡುಕಿಕೊಂಡು ಮನೆಯ ಹಿಂದಿನ ಜೊಂಡಿನ ಕೆರೆಗೆ ಇಳಿದ. ಸಾರು ಬಿಸಿಯಾಗಿಡು ಎಂದು ಹೆಂಡತಿಗೆ ಕೂಗಿ ಹೇಳಿ ಹೋದ. ಜೊತೆಗೆ ಹೋದ ಬ್ರಿಟನಿ ನಾಯಿ ಅರ್ಧ ಗಂಟೆಯ ಮೇಲೆ ಒಂದೇ ಬಂತು. ಊರೆಲ್ಲ ಸೇರಿ ಒಂಬತ್ತು ದಿನ ಹುಡುಕಿದರು, ಕೊಕ್ಕೆ ಹಾಕಿ ಎಳೆದರು, ಕೆರೆಯ ನೀರು ಹೊರಕ್ಕೆ ಹರಿಸಿದರು. ಬೂಟು ಸಿಗಲಿಲ್ಲ, ಟೋಪಿ ಸಿಗಲಿಲ್ಲ, ಬಂದೂಕೂ ಸಿಗಲಿಲ್ಲ. ದೂರದ ಓರೆಗಾನಿನಲ್ಲಿ ಯಾವಳೋ ಇದ್ದಳಂತೆ ಎಂದು ಕೆಲವರು ಪಿಸುಗುಟ್ಟಿದರು. ಸೋಮವಾರ ಬೆಳಗ್ಗೆ ಆರ್ಡಿಸ್ ಓಡಿಸುವ ಶಾಲೆ ಬಸ್ಸು ಒಂದು ನಿಮಿಷವೂ ತಡವಾಗಲಿಲ್ಲ.

ಮರುವರ್ಷ ಅದೇ ಶನಿವಾರ, ಅದೇ ಹೊತ್ತಿಗೆ, ಆ ನಾಯಿ ಅಂಗಳದ ಅಂಚಿಗೆ ಹೋಗಿ ಜೊಂಡಿನ ಕಡೆ ಮುಖ ಮಾಡಿ, ಮುಂಗಾಲು ಎತ್ತಿ, ಹಕ್ಕಿಯ ವಾಸನೆ ಹಿಡಿದ ನಾಯಿ ನಿಲ್ಲುವ ಹಾಗೆ ಸೆಟೆದು ನಿಂತಿತು. ಕತ್ತಲಾಗುವವರೆಗೆ ಕದಲಲಿಲ್ಲ. ಅದು ಸತ್ತ ಮೇಲೆ ಅದರ ಮರಿಗಳು ನಿಂತವು, ಆಮೇಲೆ ಮರಿಯ ಮರಿಗಳು. ಹಕ್ಕಿನಾಯಿ ಸಾಕಿದವರಿಗೆ ಗೊತ್ತಿರುವ ಒಂದು ಗುಣವಿದೆ. ಒಂದು ನಾಯಿ ಸೆಟೆದು ನಿಂತರೆ, ಅದನ್ನು ನೋಡಿದ ಬೇರೆ ನಾಯಿಗಳು, ತಮಗೆ ವಾಸನೆ ಸಿಗದಿದ್ದರೂ, ಇದ್ದಲ್ಲೇ ಸೆಟೆಯುತ್ತವೆ. ಮುಂದಿನದರ ಮಾತಿಗೆ ಕೊಡುವ ಮರ್ಯಾದೆ ಅದು. ಹಾಗಾಗಿ ಅವು ವಾಸನೆ ಹಿಡಿದು ನಿಲ್ಲುತ್ತಿದ್ದವೋ, ಹಿಂದಿನವರನ್ನು ನೋಡಿ ನಿಲ್ಲುತ್ತಿದ್ದವೋ ಹೇಳುವುದು ಕಷ್ಟ. ಆದರೆ ಎಂಟು ವರ್ಷದ ಹಿಂದೆ ಇದೇ ಸಂಜೆ ಗ್ರೇಡರ್ ಓಡಿಸಿಕೊಂಡು ಹೋಗುತ್ತಿದ್ದ ವರ್ಲಿನ್ ಬೇಲಿಯಾಚೆ ಒಂಬತ್ತು ನಾಯಿಗಳು ಬಿಳಿ ಕಲ್ಲುಗಳ ಹಾಗೆ ಸಾಲಾಗಿ ನಿಂತಿದ್ದನ್ನು ಕಂಡು, ಆ ಅರ್ಧ ಮೈಲಿ ರಸ್ತೆಯನ್ನು ಸಮ ಮಾಡದೆ ಬಿಟ್ಟಿದ್ದ. ಇವತ್ತಿಗೂ ಅಲ್ಲಿ ಗುಂಡಿಗಳಿವೆ.

ನಾಯಿ ನಿಂತರೆ ಯಾರಾದರೂ ನಡೆದುಹೋಗಿ ಹಕ್ಕಿಯನ್ನು ಎಬ್ಬಿಸಬೇಕು. ಕಸುಬಿನ ಕಟ್ಟಳೆ ಅದು. ನೀವು ಯಾಕೆ ಹೋಗಿ ಎಬ್ಬಿಸಲಿಲ್ಲ ಎಂದು ಪಾದ್ರಿಯೊಬ್ಬರು ಒಮ್ಮೆ ಆರ್ಡಿಸ್‌ಳನ್ನು ಕೇಳಿದ್ದರಂತೆ. "ನನ್ ಹತ್ರ ಬೇಟೆ ಲೈಸೆನ್ಸ್ ಇಲ್ಲ," ಎಂದಿದ್ದಳಂತೆ ಅವಳು.

ಮರಿಗಳನ್ನು ಅವಳು ಕೊಡುತ್ತಿದ್ದುದೂ ಆ ಒಂದು ಸಂಜೆ ಮಾತ್ರ. ಸೆಟೆದು ನಿಲ್ಲುವ ಮರಿ ಮಕ್ಕಳಿಲ್ಲದ ಬೇಟೆಗಾರನಿಗೆ. ಹೆದರಿ ಮೆಟ್ಟಿಲ ಕೆಳಗೆ ನುಸುಳುವ ಮರಿ ಬಂದೂಕಿಲ್ಲದ ಮನೆಗೆ. ಎರಡಕ್ಕೂ ಆಗುವ ಮರಿ ಬೇಕು ಎಂದು ವರ್ಲಿನ್ ಫೋನಿನಲ್ಲಿ ಕೇಳಿದಾಗ, "ಅಂಥದ್ದು ಇನ್ನೂ ಹುಟ್ಟಿಲ್ಲ. ಬಂದು ನೋಡು. ಮಗೂನೂ ಕರ್ಕೊಂಡ್ ಬಾ," ಎಂದು ಫೋನ್ ಇಟ್ಟಿದ್ದಳು.

ಹಾಗೆ ಬಂದಿದ್ದರು. ಆರ್ಡಿಸ್ ನೆಲವನ್ನು ಎರಡನೇ ಸಲ ಒರೆಸಿ ಮುಗಿಸಿದಳು. ಒಲೆಯ ಮೇಲೆ ಸಣ್ಣ ಉರಿಯಲ್ಲಿ ಬಟಾಣಿ ಸಾರು ಕುದಿಯುತ್ತಿತ್ತು. ಮೇಜಿನ ಮೇಲೆ ಎರಡು ತಟ್ಟೆ. ತಮ್ಮನ್ನು ಊಟಕ್ಕೆ ಕರೆಯುವ ಹಾಗಿದ್ದರೆ ನಾಲ್ಕು ಇರಬೇಕಿತ್ತು ಎಂದು ಜೋಲೀನ್ ಲೆಕ್ಕ ಹಾಕಿ, ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಿದಳು.

"ಹೊತ್ತಾಯ್ತು," ಎಂದಳು ಆರ್ಡಿಸ್. "ಬನ್ನಿ."

ಹೊರಗೆ ಬೆಳಗಿನಿಂದ ಜೋಳದ ಹೊಲಗಳಲ್ಲಿ ಕೇಳುತ್ತಿದ್ದ ಬಂದೂಕಿನ ಸದ್ದು ಒಂದೊಂದಾಗಿ ನಿಲ್ಲುತ್ತಿತ್ತು. ಸೂರ್ಯ ಮುಳುಗಿದ ಮೇಲೆ ಗುಂಡು ಹಾರಿಸುವಂತಿಲ್ಲ. ಕೊನೆಯ ಈಡು ಎಲ್ಲೋ ದೂರದಲ್ಲಿ, ಬಾಗಿಲು ಹಾಕಿಕೊಂಡ ಹಾಗೆ, ಕೇಳಿಸಿತು. ಆಮೇಲೆ ಗಾಳಿಯೂ ಇಲ್ಲ. ನಮ್ಮ ಕಡೆ ಗಾಳಿ ನಿಲ್ಲುವುದು ವರ್ಷಕ್ಕೆ ಎರಡೋ ಮೂರೋ ಸಲ. ನಿಂತಾಗ ಜನ ತಲೆಯೆತ್ತಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಆರ್ಡಿಸ್ ಗೂಡಿನ ಬಾಗಿಲು ತೆಗೆದಳು. ಏಳು ದೊಡ್ಡ ನಾಯಿ, ಐದು ಮರಿ. ಬಿಳಿ ಮೈ, ಕಿತ್ತಳೆ ಮಚ್ಚೆ, ಮೋಟು ಬಾಲ. ಟಿಲ್ಡಾ ಅಮ್ಮನ ಕೋಟಿನೊಳಗೆ ತಲೆ ತೂರಿಸಿದಳು. ಅಳುತ್ತಾಳೆ, ಈಗ ಅಳುತ್ತಾಳೆ ಎಂದುಕೊಂಡ ವರ್ಲಿನ್.

ಆದರೆ ಯಾವ ನಾಯಿಯೂ ಅವರ ಹತ್ತಿರ ಬರಲಿಲ್ಲ. ಬೊಗಳಲಿಲ್ಲ, ಮೂಸಲಿಲ್ಲ. ಎಲ್ಲಕ್ಕಿಂತ ಹಿರಿಯ ಹೆಣ್ಣುನಾಯಿ ಅಂಗಳದ ಅಂಚಿಗೆ ನಡೆದುಹೋಗಿ, ಜೊಂಡಿನ ಕಡೆ ಮೂಗೆತ್ತಿ, ಮುಂಗಾಲು ಮಡಿಸಿ ನಿಂತಿತು. ಅದರ ಹಿಂದೆ ಇನ್ನೊಂದು. ಆಮೇಲೆ ಮತ್ತೊಂದು. ಉಸಿರು ಎಳೆದುಕೊಳ್ಳುವಷ್ಟರಲ್ಲಿ ಏಳೂ ನಿಂತವು. ಮರಿಗಳಲ್ಲಿ ಮೂರು ಎಡವುತ್ತ ಓಡಿಹೋಗಿ, ಇದ್ದಕ್ಕಿದ್ದಂತೆ ಯಾರೋ ಕೈಯಿಟ್ಟು ಹಿಡಿದ ಹಾಗೆ ಸೆಟೆದವು. ಒಂದು ಮೆಟ್ಟಿಲ ಕೆಳಗೆ ನುಸುಳಿತು. ಐದನೆಯದು, ಎಡಗಿವಿಯ ಮೇಲೆ ಕಾಫಿ ಚೆಲ್ಲಿದಂಥ ಮಚ್ಚೆಯಿದ್ದದ್ದು, ಎಲ್ಲಕ್ಕಿಂತ ಮುಂದೆ ಹೋಗಿ ಸೆಟೆದು ನಿಂತಿತು.

"ಅದು ಒಳ್ಳೇ ಬೇಟೆ ಮರಿ," ಎಂದಳು ಆರ್ಡಿಸ್. "ನಿಂಗಲ್ಲ."

ವರ್ಲಿನ್ ತಲೆಯಾಡಿಸಿದ. ಅವನ ಕಣ್ಣು ಜೊಂಡಿನ ಮೇಲಿತ್ತು. ಅಲ್ಲಿ ಏನೂ ಇರಲಿಲ್ಲ. ಒಣಗಿದ ಕಂದು ಕಡ್ಡಿಗಳು, ನಡುವೆ ತವರದ ಬಣ್ಣದ ನೀರು. ಏನೂ ಇರದ ಕಡೆಗೆ ಹನ್ನೊಂದು ಮೂಗುಗಳು ಒಂದೇ ಜಾಗಕ್ಕೆ ದಾರ ಕಟ್ಟಿ ಎಳೆದ ಹಾಗೆ ನೆಟ್ಟಿದ್ದವು.

ಟಿಲ್ಡಾ ಕೋಟಿನಿಂದ ಒಂದು ಕಣ್ಣು ಹೊರಗೆ ಹಾಕಿದಳು. ಆಮೇಲೆ ಇನ್ನೊಂದು.

"ಅಜ್ಜಿ, ಇವು ಯಾಕೆ ನನ್ನ ನೋಡ್ತಿಲ್ಲ?"

"ಕೆಲಸದಲ್ಲಿದಾವೆ."

"ಎಷ್ಟೊತ್ತು ಹಿಂಗೇ ನಿಂತಿರ್ತವೆ?"

"ಕತ್ತಲಾಗೋವರೆಗೆ."

"ಕಾಲು ನೋಯಲ್ವಾ?"

ಈ ಪ್ರಶ್ನೆಯನ್ನು ಮೂವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

"ಅಪ್ಪ ಹೇಳಿದ್ರು, ಯಾರಾದ್ರೂ ಹೋಗಿ ಹಕ್ಕಿ ಎಬ್ಬಿಸ್ಬೇಕು, ಇಲ್ದಿದ್ರೆ ನಾಯಿ ಪಾಪ ನಿಂತೇ ಇರತ್ತೆ ಅಂತ," ಎಂದು ಟಿಲ್ಡಾ ಕೋಟಿನಿಂದ ಪೂರ್ತಿ ಹೊರಗೆ ಬಂದಳು. ಯಾವ ನಾಯಿಯೂ ತನ್ನನ್ನು ನೋಡುತ್ತಿಲ್ಲವೆಂದು ಇನ್ನೊಮ್ಮೆ ಖಚಿತ ಮಾಡಿಕೊಂಡು, ಅಂಗಳದ ಮೇಲೆ ನಡೆದಳು.

ವರ್ಲಿನ್ ಕಲಿಸಿದ ಪಾಠವೇ ಅದು. ಹಾಲು ಕುಡಿಸುವಾಗ, ಮಲಗಿಸುವಾಗ, ಬೇಟೆಯ ಬಡಾಯಿ ಕೊಚ್ಚುತ್ತ ಅವನೇ ಹೇಳಿದ್ದು. ಈಗ ಅವನು ಓಡಿಹೋಗಿ ಮಗಳನ್ನು ಎತ್ತಿಕೊಳ್ಳಬೇಕಿತ್ತು. ಆದರೆ ಅವನ ಒಂದು ಕಾಲು ನೆಲ ಬಿಟ್ಟು ಅರ್ಧಕ್ಕೆ ಎದ್ದದ್ದು ಅಲ್ಲೇ ನಿಂತುಬಿಟ್ಟಿತ್ತು. ಕುತ್ತಿಗೆ ಮುಂದಕ್ಕೆ ಚಾಚಿತ್ತು. ಹನ್ನೆರಡನೆಯ ನಾಯಿಯಾಗಿ ತಾನೂ ಸೆಟೆದು ನಿಂತಿದ್ದೇನೆಂದು ಅವನಿಗೆ ಹೊಳೆದದ್ದು ಆಮೇಲೆ, ಅದನ್ನು ಅವನು ಹಾರ್ಲನ್‌ಗೆ ಇವತ್ತಿನವರೆಗೂ ಹೇಳಿಲ್ಲ.

"ಟಿಲ್ಡಾ!" ಎಂದಳು ಜೋಲೀನ್. ಕೂಗಿದ್ದಳು, ಆದರೆ ಆ ನಿಶ್ಶಬ್ದದಲ್ಲಿ ಅದು ಪಿಸುಮಾತಾಗಿ ಬಂತು.

ಹುಡುಗಿ ಹಿರಿಯ ನಾಯಿಯನ್ನು ದಾಟಿದಳು. ಅದು ಕಣ್ಣು ಕದಲಿಸಲಿಲ್ಲ. ಕಾಫಿ ಮಚ್ಚೆಯ ಮರಿಯನ್ನು ದಾಟಿದಳು. ಮುಂದೆ ಬರೀ ಹುಲ್ಲು, ಅದರಾಚೆ ಜೊಂಡು.

ಆಗ ಮರಿ ನಡುಗಿತು. ಅದರ ಮೂಗು ಜೊಂಡಿನ ಕಡೆ, ಕಣ್ಣು ಹುಡುಗಿಯ ಬೆನ್ನಿನ ಕಡೆ. ಎತ್ತಿದ ಮುಂಗಾಲು ಒಂದು ಸಲ ಮೇಲೆ ಕೆಳಗೆ ಆಡಿತು. ನಿಂತ ನಾಯಿ ಜಾಗ ಬಿಡುವುದು ಬೇಟೆಯಲ್ಲಿ ಎಲ್ಲಕ್ಕಿಂತ ದೊಡ್ಡ ಅಪರಾಧ. ಆ ವಂಶದಲ್ಲಿ ಯಾವುದೂ ಅದುವರೆಗೆ ಬಿಟ್ಟಿರಲಿಲ್ಲ. ಮರಿ ಕಾಲು ಕೆಳಗಿಟ್ಟು, ಓಡಿಹೋಗಿ ಟಿಲ್ಡಾಳ ಮುಂದೆ ಅಡ್ಡ ನಿಂತಿತು. ಅವಳು ಪಕ್ಕಕ್ಕೆ ಸರಿದಳು. ಅದೂ ಸರಿಯಿತು. ಕೊನೆಗೆ ಅವಳ ಮೀನಖಂಡಕ್ಕೆ ಮೈ ಒತ್ತಿಕೊಂಡು, ಹೆಜ್ಜೆಗೆ ಹೆಜ್ಜೆ ಹಾಕಿತು. ಟಿಲ್ಡಾ ಕೆಳಗೆ ನೋಡಿದಳು. ಅಳಲಿಲ್ಲ. ಅದರ ತಲೆಯ ಮೇಲೆ ಕೈಯಿಟ್ಟುಕೊಂಡು, ಮೆಟ್ಟಿಲಿನ ಕಟಕಟೆ ಹಿಡಿದ ಹಾಗೆ, ಜೊಂಡಿನ ಅಂಚಿನವರೆಗೆ ಹೋದಳು.

ಅಪ್ಪ ಮಾಡುತ್ತಿದ್ದ ಹಾಗೆ ಎರಡು ಸಲ ಚಪ್ಪಾಳೆ ತಟ್ಟಿದಳು.

ಜೊಂಡಿನ ನಡುವೆ, ಗಾಳಿಯಿಲ್ಲದೆ, ಕಡ್ಡಿಗಳು ಒಂದಾಳು ಅಗಲಕ್ಕೆ ಬಾಗಿ ದಾರಿ ಬಿಟ್ಟವು. ಹಕ್ಕಿ ಹಾರಲಿಲ್ಲ. ರೆಕ್ಕೆಯ ಸದ್ದಾಗಲಿಲ್ಲ. ಆದರೆ ಹತ್ತು ನಾಯಿಗಳೂ ಒಟ್ಟಿಗೆ ತಲೆಯೆತ್ತಿದವು. ಒಟ್ಟಿಗೆ ಅವುಗಳ ಮೂಗುಗಳು ಜೊಂಡಿನಿಂದ ಹುಲ್ಲಿಗೆ, ಹುಲ್ಲಿನಿಂದ ಅಂಗಳಕ್ಕೆ ನಿಧಾನವಾಗಿ ತಿರುಗುತ್ತ ಬಂದವು, ಬೇಟೆ ಮುಗಿಸಿ ಸುಸ್ತಾದವನೊಬ್ಬ ನಡೆಯುವಷ್ಟು ನಿಧಾನವಾಗಿ. ವರ್ಲಿನ್ ಮತ್ತು ಜೋಲೀನ್ ನಡುವೆ ಎರಡಡಿ ಜಾಗವಿತ್ತು. ನಾಯಿಗಳ ನೋಟ ಆ ಎರಡಡಿಯಲ್ಲಿ ಹಾದುಹೋಯಿತು. ಒದ್ದೆ ಉಣ್ಣೆಯ ವಾಸನೆ, ಬಂದೂಕಿನ ಮದ್ದಿನ ವಾಸನೆ, ತಣ್ಣನೆಯ ಒಂದು ಉಸಿರು ವರ್ಲಿನ್ನನ ಕಿವಿಯ ಪಕ್ಕ ಸರಿಯಿತು. ಅವನು ತಿರುಗಿ ನೋಡಲಿಲ್ಲ. ನಾಯಿಗಳು ನೋಡುತ್ತಿದ್ದವಲ್ಲ, ಅಷ್ಟು ಸಾಕಿತ್ತು.

ಅಡುಗೆಮನೆಯ ಜಾಲರಿ ಬಾಗಿಲಿನ ಸ್ಪ್ರಿಂಗು ಕಿರುಗುಟ್ಟಿತು. ಬಾಗಿಲು ಒಬ್ಬರು ಒಳಗೆ ಹೋಗುವಷ್ಟು ಹೊತ್ತು ತೆರೆದಿದ್ದು, ಟಪ್ ಎಂದು ಮುಚ್ಚಿಕೊಂಡಿತು.

ನಾಯಿಗಳು ಮೈ ಕೊಡವಿಕೊಂಡವು. ಒಂದು ಕಿವಿ ಕೆರೆದುಕೊಂಡಿತು. ಇನ್ನೊಂದು ಬೇಲಿಗೆ ಹೋಗಿ ಕಾಲೆತ್ತಿತು. ಎಲ್ಲಿಂದಲೋ ಗಾಳಿ ಮತ್ತೆ ಬೀಸತೊಡಗಿತು.

ಟಿಲ್ಡಾ ಮರಿಯ ಜೊತೆ ಹಿಂದಕ್ಕೆ ಬಂದಳು. "ಎದ್ದು ಹೋಯ್ತು ಅಪ್ಪ," ಎಂದಳು, ಒಂದು ಕೆಲಸ ಮುಗಿಸಿದವಳ ಹಾಗೆ. "ಇದು ನಮ್ಮದಾ?"

ವರ್ಲಿನ್ ಹೆಂಡತಿಯ ಮುಖ ನೋಡಿದ. ಜೋಲೀನ್ ಮಗಳ ಕೈ ನೋಡುತ್ತಿದ್ದಳು. ಅದು ಇನ್ನೂ ನಾಯಿಯ ತಲೆಯ ಮೇಲೇ ಇತ್ತು. ಜೋಲೀನ್ ಹೂಂ ಎನ್ನುವ ಹಾಗೆ ಒಂದು ಸಲ ತಲೆಯಾಡಿಸಿದಳು.

ಆರ್ಡಿಸ್ ಬಗ್ಗಿ ಮರಿಯ ಹಲ್ಲು ನೋಡಿದಳು, ಕಿವಿ ನೋಡಿದಳು.

"ಹಕ್ಕಿ ಮುಂದೆ ನಿಲ್ಲೋಕೆ ಬರತ್ತೆ, ನೀನೇ ನೋಡ್ದೆ. ಮಗು ಹೊರಟಾಗ ಹಕ್ಕಿ ಬಿಟ್ಟು ಅದರ ಜೊತೆ ಹೋಗೋಕೂ ಬರತ್ತೆ. ಮೂವತ್ತು ವರ್ಷಕ್ಕೆ ಇದೇ ಮೊದಲನೇದು. ತಗೊಂಡ್ ಹೋಗು. ನಿನ್ ಕೈಲಿ ಹಾಳಾಗದಿದ್ರೆ ಸಾಕು."

"ಹಾಳು ಮಾಡಲ್ಲ, ಆರ್ಡಿಸ್."

"ಏಳನೇ ಸೀಟಲ್ಲೂ ಹಂಗೇ ಅಂದಿದ್ದೆ."

ಜೋಲೀನ್ ಮಗಳನ್ನೂ ಮರಿಯನ್ನೂ ಟ್ರಕ್ಕಿಗೆ ಹತ್ತಿಸಿದಳು. ವರ್ಲಿನ್ ಮಾತ್ರ ಮೆಟ್ಟಿಲ ಹತ್ತಿರ ನಿಂತಿದ್ದ. ಅಡುಗೆಮನೆಯ ಕಿಟಕಿಯಲ್ಲಿ ಹಳದಿ ದೀಪ. ಒಳಗೆ ಕುರ್ಚಿಯ ಕಾಲು ನೆಲಕ್ಕೆ ಉಜ್ಜಿದ ಸದ್ದು. ಸಾರಿನ ಪಾತ್ರೆಯ ಮುಚ್ಚಳ ಯಾರೋ ತೆಗೆದಿಟ್ಟ ಹಾಗೆ ಕೇಳಿಸಿತು. ಆರ್ಡಿಸ್ ಎರಡು ಮೆಟ್ಟಿಲು ಹತ್ತಿ, ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ಇನ್ನೊಂದು ಕೈಯಿಂದ ಕೂದಲು ಸರಿಮಾಡಿಕೊಂಡಳು.

"ಆರ್ಡಿಸ್," ಎಂದ ವರ್ಲಿನ್, "ಒಳಗೆ... ಒಳಗೆ ಯಾರೋ ಹೋದ ಹಾಗಾಯ್ತಲ್ಲ?"

ಆರ್ಡಿಸ್ ಬಾಗಿಲ ಜಾಲರಿಯಿಂದ ಒಳಗಿನ ನೆಲವನ್ನು ಒಮ್ಮೆ ಇಣುಕಿ ನೋಡಿದಳು.

"ಬೂಟು ಕಳಚಿ ಹೋಗಿದ್ರೆ ಸಾಕು," ಎಂದಳು. "ಇವತ್ತಾಗಲೇ ಎರಡು ಸಲ ಒರೆಸಿದೀನಿ."